ಕೊನೆಯ ಚುಕ್ಕಿ

ಹೆಲ್ವೆ ಫೋನು ಮಾಡಿದ್ದು ಸೋಮವಾರ, ಬೆಳಗಿನ ಎಂಟಕ್ಕೆ.
"ರೈವೋ, ನಾಲ್ಕು ದಿನದಿಂದ ಗಿರಣಿಗೆ ಒಂದೂ ಮೇಲ್ ಬಂದಿಲ್ಲ."
ವಸಂತದ ರಜೆ, ಯಾರು ಬರೆಯುತ್ತಾರೆ, ಅಂದೆ.
"ಬೋಳುತಲೆಗೆ ಕೂದಲು ಬರಿಸುತ್ತೇವೆ ಅನ್ನುವವರೂ
ಬರೆದಿಲ್ಲವಲ್ಲ," ಅಂದಳು.
ಆಗ ಎದ್ದು ಕೂತೆ.

ಕಸವೂ ಬಾರದ ಮನೆಯೆಂದರೆ
ದಾರಿಯೇ ಇಲ್ಲವೆಂದು ಅರ್ಥ.

ಕ್ಯಾರ್ಡ್ಲಾದ ಗ್ರಂಥಾಲಯದ ಮೇಲೆ ನನ್ನದೊಂದು ಕೋಣೆ.
ದ್ವೀಪದ ಶಾಲೆ, ಬಂದರು, ಎರಡು ಚರ್ಚು,
ಹೆಲ್ವೆಯ ಉಣ್ಣೆಗಿರಣಿ,
ಎಲ್ಲರ ಟಪಾಲೂ ಈ ಕೋಣೆಯನ್ನು ಹಾದೇ ಹೋಗಬೇಕು.
ಸರ್ವರು ಎಚ್ಚರವಾಗಿತ್ತು. ಡಿಸ್ಕಿನಲ್ಲಿ ಜಾಗವಿತ್ತು.
ನನಗೆ ನಾನೇ ಒಂದು ಸಾಲು ಬರೆದುಕೊಂಡೆ,
ಬಂತು.
ಒಳಗೆ ಕೂತವನಿಗೆ ಬಾಗಿಲು
ಯಾವತ್ತೂ ತೆರೆದೇ ಕಾಣುತ್ತದೆ.

"ಟಾಲಿನ್‌ನವರ ತಪ್ಪು," ಅಂದೆ ಹೆಲ್ವೆಗೆ.
ಹಾಗಂದರೆ ಇಲ್ಲಿ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಆಮೇಲೆ ಮೊಬೈಲು ಹಿಡಿದು ಹೊರಗೆ ನಿಂತು
ಪರಸ್ಥಳದವನಂತೆ ಕೇಳಿದೆ:
ಈ ಗಿರಣಿಯ ಟಪಾಲು ಯಾರ ಮನೆಗೆ ಮುಟ್ಟಿಸಬೇಕು?
ಉತ್ತರ ಬಂತು:
ಮೇಲ್ ಡಾಟ್ ಉಣ್ಣೆಗಿರಣಿ ಡಾಟ್ ಈಈ
ಡಾಟ್ ಉಣ್ಣೆಗಿರಣಿ ಡಾಟ್ ಈಈ.

ಎರಡು ಸಲ. ತೊದಲಿದ ಹಾಗೆ.

ಹೆಸರು ಮುಗಿದಲ್ಲಿ ಚುಕ್ಕಿ ಇಡಬೇಕು.
ಇಡದಿದ್ದರೆ ಯಂತ್ರ, ಪಾಪ,
ಇನ್ನೂ ಮಾತು ಮುಗಿದಿಲ್ಲವೇನೋ ಎಂದುಕೊಂಡು
ಮನೆತನದ ಹೆಸರನ್ನು ಮತ್ತೊಮ್ಮೆ ಬಾಲಕ್ಕೆ ಕಟ್ಟುತ್ತದೆ.
ಅಂಥ ಮನೆ ಭೂಮಿಯ ಮೇಲಿಲ್ಲ.
ಸಮುದ್ರ ಹೆಪ್ಪುಗಟ್ಟಿದ ವರ್ಷ
ಹಿಮದ ಮೇಲೆ ಜುನಿಪರ್ ರೆಂಬೆ ನೆಟ್ಟು ದಾರಿ ಮಾಡುತ್ತೇವೆ,
ದಡದ ಹತ್ತಿರದ ಕೊನೆಯ ರೆಂಬೆ ಮರೆತರೆ
ಕಾರು ಬಿಳುಪಿನೊಳಗೆ ಹೋಗುತ್ತಲೇ ಇರುತ್ತದೆ.

ಗುರುವಾರ ಸಂಜೆ ಆ ಸಾಲು ಬರೆದ ಕೈ ನನ್ನದೇ.
ಹೊಸ ಸರ್ವರು, ಕೊನೆಯ ಹಡಗು, ಅವಸರ.

ಚುಕ್ಕಿ ಇಟ್ಟೆ.
ಆಡಿದರೆ ಮಾತು ಹೋಯಿತು, ಒಡೆದರೆ ಮುತ್ತು ಹೋಯಿತು, ಅನ್ನುತ್ತಾರೆ.
ಇಲ್ಲಿ ಆಡಿದ ಮಾತು ಇಪ್ಪತ್ತನಾಲ್ಕು ಗಂಟೆ
ಹೋಗುವುದೇ ಇಲ್ಲ.
ರೀಗಾದಲ್ಲಿ, ಓಸ್ಲೋದಲ್ಲಿ, ಎಲ್ಲೆಲ್ಲಿ ಯಾರು ಕೇಳಿಟ್ಟುಕೊಂಡರೋ
ಅವರೆಲ್ಲ ನನ್ನ ಹಳೇ ಸುಳ್ಳನ್ನು
ಅವಧಿ ತೀರುವವರೆಗೆ
ಪ್ರಾಮಾಣಿಕವಾಗಿ ಹೇಳುತ್ತಿರುತ್ತಾರೆ.

ಮಂಗಳವಾರ ಮಧ್ಯಾಹ್ನ ಮೊದಲು ಬಂದವರು ಕೂದಲಿನವರು.
ಆಮೇಲೆ ಮೂವತ್ತೊಂದು ಪತ್ರ,
ಎಲ್ಲೆಲ್ಲೋ ಸರದಿಯಲ್ಲಿ ನಿಂತು ಕಾದಿದ್ದವು.
ಕಾಯದೆ ತಿರುಗಿ ಹೋದವು ಎಷ್ಟೋ,
ಅವುಗಳ ಲೆಕ್ಕ ನನ್ನ ಬಳಿ ಇಲ್ಲ.

ಬುಧವಾರ ಹಡಗಿನಿಂದ ಒಬ್ಬರು ಇಳಿದು ಬಂದರು.
ಹಾಪ್ಸಾಲುವಿನ ಕಲ್ಯು, ಹಡಗಿನ ಎಂಜಿನ್ ರಿಪೇರಿಯವರಾಗಿದ್ದವರು,
ಈಗ ನಿವೃತ್ತರು.
ಇಂಗ್ಲಿಷು ಬಲ್ಲವರು ಯಾರೆಂದು ಕೆಳಗೆ ಕೇಳಿದ್ದಕ್ಕೆ
ಮೇಲಕ್ಕೆ ಕಳಿಸಿದ್ದರು.
ಕೋಟಿನ ಒಳಜೇಬಿನಿಂದ ನಾಲ್ಕು ಮಡಿಕೆಯ ಹಾಳೆ.
"ನಮ್ಮ ಕಾಲದಲ್ಲಿ ಶಾಲೆಯಲ್ಲಿ ರಷ್ಯನ್ ಕಲಿಸುತ್ತಿದ್ದರು.
ಹೆಲ್ವೆಗೆ ಬರೆದಿದ್ದೆ. ಒಂದೇ ನಿಮಿಷಕ್ಕೆ ಇದು ಬಂತು.
ಇಷ್ಟು ಹೇಳಿ ಸಾಕು, ಬೇಡ ಅಂದಳೇ?"

ಓದಿ ಹೇಳಿದೆ: ಮನೆಯವರು ಸಿಗಲಿಲ್ಲ ಎಂದಿದೆ.
ಹೆಲ್ವೆಯ ಮಾತಲ್ಲ ಇದು, ಯಂತ್ರದ್ದು.
ನೀವು ಬರೆದದ್ದನ್ನು ಆಕೆ ಕಂಡೇ ಇಲ್ಲ.
ಕೆಳಗೆ ಅವರ ಕಾಗದವೂ ಇತ್ತು, ನಾಲ್ಕೇ ಸಾಲು.
ಅದರ ಮೇಲೆ ಅಂಗೈ ಇಟ್ಟುಕೊಂಡು ಮಾತಾಡಿದೆ.

"ಯಾರ ತಪ್ಪು?"
ಟಾಲಿನ್ ನಾಲಿಗೆಯ ತುದಿವರೆಗೆ ಬಂದಿತ್ತು.
ನನ್ನದು, ಅಂದೆ. ಒಂದು ಚುಕ್ಕಿ.
"ಎಲ್ಲಿ?"
ತೋರಿಸಿದೆ.

ಪೆನ್ನು ತೆಗೆದರು. ಮೊದಲ ಈಈ ಮುಗಿದ ಮೇಲೆ
ಹಾಳೆ ತೂತಾಗುವಷ್ಟು ಒತ್ತಿ ಒಂದು ಚುಕ್ಕಿ ಇಟ್ಟು
ಉಳಿದ ಬಾಲವನ್ನು ಅಡ್ಡಗೆರೆಯಲ್ಲಿ ಹೊಡೆದುಹಾಕಿದರು.
ಗಿರಣಿಯ ಕಡೆ ಬಸ್ಸು ಎಷ್ಟಕ್ಕೆ ಎಂದು ಕೇಳಿದರು.
ಹನ್ನೊಂದೂ ಹತ್ತಕ್ಕೆ.

ಮೆಟ್ಟಿಲಿಳಿಯುವಾಗ ಕೂಗಿ ಹೇಳಿದೆ:
ಹೆಲ್ವೆಗೆ ಹೇಳಬೇಡಿ.

"ಯಾವುದನ್ನು?" ಅಂದರು.